ಪಾಲಿಶ್ ಮೆಷಿನ್ ಕೈಗೆ ಬರುವ ಮೊದಲು

ಪತ್ರ: ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, ಹದಿನೆಂಟು ತುಂಬಿದೆ. ಕಾರ್ ಡೀಟೇಲಿಂಗ್ (ಕಾರು ತೊಳೆದು, ಪಾಲಿಶ್ ಮಾಡಿ ಹೊಳಪು ಕೊಡುವ) ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದ್ದಾನೆ. ಮೂರು ತಿಂಗಳಿಂದ ಬರೀ ಗಾಡಿ ತೊಳೆಸುತ್ತಿದ್ದಾರೆ, ಮೆಷಿನ್ ಮುಟ್ಟಲು ಬಿಡುವುದಿಲ್ಲ. ಒಂದು ವರ್ಷ ಸಂಬಳವಿಲ್ಲ ಎಂದೂ ಹೇಳಿದ್ದಾರೆ. ಇದನ್ನು ಕಲಿಕೆ ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾನ್ಯರೇ, ಮೂರು ತಿಂಗಳು ತೊಳೆಸಿದ್ದು ತಪ್ಪಲ್ಲ. ಒಂದು ವರ್ಷ ಬಿಟ್ಟಿ ದುಡಿಸುವುದು ತಪ್ಪು. ಮೊದಲು ತೊಳೆಯುವ ಮಾತು.

ಬಿಸಿಲಿಗೆ ನಿಂತ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ತೊಳೆಯುವಾಗ, ಒರೆಸುವಾಗ ಬಿದ್ದವು. ಬಟ್ಟೆಗೆ ಅಂಟಿದ ಮರಳಿನ ಕಣವೇ ಉಜ್ಜಿದಷ್ಟೂ ಗೀರು ಎಳೆಯುತ್ತದೆ. ಹಾಗಾಗಿ ಆ ಅಂಗಡಿಯಲ್ಲಿ ಎರಡು ಬಕೆಟ್ ಇವೆಯೇ ಎಂದು ಮಗನನ್ನು ಕೇಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಮಣ್ಣು ಮೇಲೇಳದಂತೆ ತಡೆಯುವ ಜಾಲರಿ. ಮೊದಲು ಪ್ರೆಷರ್ ನೀರಿನಲ್ಲಿ ಸಡಿಲ ಮಣ್ಣನ್ನೆಲ್ಲ ಇಳಿಸಬೇಕು. ಆಮೇಲೆ ರೂಫಿನಿಂದ ಕೆಳಕ್ಕೆ ಬರುತ್ತಾ, ಒಂದೊಂದು ಭಾಗ ಮುಗಿದಾಗಲೂ ಮಿಟ್ಟನ್ನು (ತೊಳೆಯಲು ಕೈಗೆ ತೊಡುವ ಮೆತ್ತನೆ ಗವಸು) ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂಗೆ ಅದ್ದಬೇಕು. ಬಾಗಿಲಿನ ಕೆಳಗಂಚು, ಬಂಪರ್ ಕೊನೆಗೆ. ಚಕ್ರಕ್ಕೆ ಬೇರೆಯೇ ಬಕೆಟ್, ಬೇರೆಯೇ ಬ್ರಷ್. ಅಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಇರುತ್ತದೆ.

ಮೈಕ್ರೋಫೈಬರ್ ಬಟ್ಟೆ ನೆಲಕ್ಕೆ ಬಿದ್ದರೆ ತೊಳೆಯದೆ ಮತ್ತೆ ಪೇಂಟಿಗೆ ತಾಗಿಸಬಾರದು. ತೊಳೆಯುವಾಗ ಘಮಘಮಿಸುವ ಫ್ಯಾಬ್ರಿಕ್ ಕಂಡೀಷನರ್ ಹಾಕಬಾರದು: ಎಳೆಗೆ ಪದರ ಕಟ್ಟಿ ಬಟ್ಟೆ ನೀರು ಹೀರುವುದು ನಿಲ್ಲುತ್ತದೆ. ಕುದಿಯುವ ನೀರೂ ಬೇಡ, ಎಳೆಯ ತುದಿ ಗಟ್ಟಿಯಾಗಿ ಅದೇ ಗೀರುತ್ತದೆ.

ಬೋರ್‌ವೆಲ್ ನೀರು ನಮ್ಮ ಕಡೆಯ ದೊಡ್ಡ ತೊಂದರೆ. ಕಾದ ಬಾನೆಟ್ ಮೇಲೆ ಗಡಸು ನೀರು ಆರಿದರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ನೆರಳಿನಲ್ಲಿ ತೊಳೆದು ತಕ್ಷಣ ಒರೆಸಬೇಕು. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಪೇಂಟಿಗೆ ಒತ್ತಿ ಹಿಡಿದು ತೊಳೆದರೆ ಹೋಗುತ್ತದೆ. ಹಾಗೇ ಬಿಟ್ಟರೆ ಪೇಂಟನ್ನೇ ಕೊರೆದು ಕೂರುತ್ತದೆ, ಆಮೇಲೆ ಪಾಲಿಶ್ ಮಾಡದೆ ಗತಿಯಿಲ್ಲ.

ಮೆಷಿನ್ ಕೊಡದಿರುವುದಕ್ಕೂ ಕಾರಣವಿದೆ. ಕಂಪನಿಯಿಂದ ಬಂದ ಕಾರಿನ ಒಟ್ಟು ಪೇಂಟ್ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದರಲ್ಲಿ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಸುಮಾರು 40, ತಲೆಗೂದಲಿಗಿಂತ ತೆಳು. ಪ್ರತಿ ಸಲ ಕಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಹಾಕಿದಾಗಲೂ ಅದು ಸವೆಯುತ್ತದೆ. ರೋಟರಿ ಮೆಷಿನ್ ಒಂದೇ ಕಡೆ ನಿಂತರೆ ಪೇಂಟ್ ಕಾದು ಸುಡುತ್ತದೆ, ಅಂಚಿನಲ್ಲಿ ಇನ್ನೂ ಬೇಗ. ಅದಕ್ಕೇ ಅಂಚಿಗೆ ಟೇಪ್ ಅಂಟಿಸುತ್ತಾರೆ. ಹೊಸಬರಿಗೆ ಡಿ.ಎ. (ಡ್ಯುಯಲ್ ಆ್ಯಕ್ಷನ್) ಮೆಷಿನ್, ಅಂದರೆ ತಿರುಗುತ್ತಲೇ ಓಲಾಡುವ, ಅಷ್ಟು ಬೇಗ ಸುಡದ ಮೆಷಿನ್ ಕೊಟ್ಟು, ಗುಜರಿಯಿಂದ ತಂದ ಹಳೇ ಬಾನೆಟ್ ಮೇಲೆ ಅಭ್ಯಾಸ ಮಾಡಿಸುವುದು ಸರಿಯಾದ ಕ್ರಮ. ನಾಲ್ಕನೆಯ ತಿಂಗಳಿಗಾದರೂ ಅದು ಶುರುವಾಗಬೇಕು. ಪೇಂಟಿನ ಮೇಲೆ ರಕ್ಷಣೆಯ ಪದರ ಹಚ್ಚುವ ಸೆರಾಮಿಕ್ ಕೋಟಿಂಗ್ ಅದರ ನಂತರದ ಪಾಠ.

ಇನ್ನು ಕೆಮಿಕಲ್. ಬಾಟಲಿ ಮೇಲೆ 1:10 ಎಂದಿದ್ದರೆ ಒಂದು ಪಾಲು ಕೆಮಿಕಲ್‌ಗೆ ಹತ್ತು ಪಾಲು ನೀರು. ಒಂದು ಲೀಟರ್ ಸ್ಪ್ರೇ ಬಾಟಲಿಗೆ ಸುಮಾರು 90 ಎಂ.ಎಲ್. ಸಾಕು. ಹೆಚ್ಚು ಹಾಕಿದರೆ ಹೆಚ್ಚು ಕ್ಲೀನ್ ಎಂದುಕೊಂಡು ಸುರಿದರೆ ಪ್ಲಾಸ್ಟಿಕ್ ಟ್ರಿಮ್ (ಅಂಚುಪಟ್ಟಿ) ಬೆಳ್ಳಗಾಗುತ್ತದೆ, ಅಲ್ಯೂಮಿನಿಯಂ ಮಂಕಾಗುತ್ತದೆ. ಚಕ್ರ ತೊಳೆಯಲು ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುವ ಕ್ಲೀನರ್ ಬಳಸುತ್ತಿದ್ದರೆ ಮಗ ಅದನ್ನು ಮುಟ್ಟುವುದೇ ಬೇಡ. ತೆಳುವಾಗಿ ಬೆರೆಸಿದ್ದಾದರೆ ಚರ್ಮಕ್ಕೆ ತಾಗಿದಾಗ ಮೊದಲು ಉರಿಯೂ ಗೊತ್ತಾಗದೆ ಒಳಗಿಳಿಯುತ್ತದೆ. ಬ್ಲೀಚನ್ನೂ ಆ್ಯಸಿಡ್ಡನ್ನೂ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಬರುತ್ತದೆ. ಗ್ಲೌಸ್, ಕನ್ನಡಕ, ರಬ್ಬರ್ ಬೂಟು ಅಂಗಡಿಯವರೇ ಕೊಡಬೇಕು.

ಈಗ ಸಂಬಳ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಲಿಯುವವನ ಜೊತೆ ಲಿಖಿತ ಒಪ್ಪಂದವಾಗಿ ಅದು ನೋಂದಣಿಯಾಗಬೇಕು, ತಿಂಗಳು ತಿಂಗಳು ಸ್ಟೈಪೆಂಡ್ (ಕಲಿಕೆಯ ಭತ್ಯೆ) ಕೊಡಬೇಕು. 2019ರ ತಿದ್ದುಪಡಿ ನಿಯಮ ಹತ್ತನೆಯ ತರಗತಿ ಪಾಸಾದವರಿಗೆ ಕನಿಷ್ಠ 6,000 ರೂಪಾಯಿ ಗೊತ್ತುಮಾಡಿತು. ಒಪ್ಪಂದದ ದಿನ ಚಾಲ್ತಿಯಲ್ಲಿರುವ ದರವನ್ನೇ ಕೇಳಿ. 30 ಜನರಿಗಿಂತ ಕಡಿಮೆ ಇರುವ ಅಂಗಡಿಗೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ನಾಲ್ಕು ಜನರಿದ್ದರೂ ಇಷ್ಟಪಟ್ಟು ತೆಗೆದುಕೊಳ್ಳಬಹುದು. ಆಗ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಹಾಕುತ್ತದೆ. ಮಾಲೀಕರಿಗೆ ಇದು ಗೊತ್ತಿಲ್ಲದಿರಬಹುದು, ನೀವೇ ಹೇಳಿ. ನೋಂದಣಿಯಿಲ್ಲದೆ ಎಷ್ಟು ವರ್ಷ ದುಡಿದರೂ ಕೊನೆಗೆ ಅಪ್ರೆಂಟಿಸ್ ಸರ್ಟಿಫಿಕೇಟ್ ಸಿಗದು.

ಮಾತಾಡಲು ಹೋದಾಗ ಇನ್ನೊಂದು ಕೆಲಸ ಮಾಡಿ. ಶಾಂಪೂ ಎಷ್ಟಕ್ಕೆ ಎಷ್ಟು ಬೆರೆಸುತ್ತೀರಿ ಎಂದು ಅಲ್ಲಿನ ಹಿರಿಯ ಕೆಲಸಗಾರನನ್ನು ಕೇಳಿ. ಅಳತೆ ಲೋಟ ತೋರಿಸಿ ಲೆಕ್ಕ ಹೇಳಿದರೆ ಮಗ ಅಲ್ಲೇ ಇರಲಿ. ‘ಅಂದಾಜಿಗೆ ಹಾಕ್ತೀವಿ’ ಎಂದರೆ, ಸಂಬಳ ಕೊಡುತ್ತೇವೆಂದರೂ ಬೇರೆ ಅಂಗಡಿ ಹುಡುಕಿ.