ಓಡಿದರೆ ಸ್ನಾಯು ಕರಗುತ್ತದೆಯೇ?

ವಾರಕ್ಕೆ ಮೂರು ದಿನ ಓಡಿದರೆ ಜಿಮ್‌ನಲ್ಲಿ ಬೆಳೆಸಿದ ಸ್ನಾಯು ಕರಗುತ್ತದೆಯೇ ಎಂದು ಕೇಳಿದ್ದೀರಿ. ಹೊಟ್ಟೆಗೆ ಸರಿಯಾಗಿ ತಿಂದರೆ ಕರಗುವುದಿಲ್ಲ.

ಈ ಭಯಕ್ಕೆ ಇಂಬು ಕೊಟ್ಟದ್ದು 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಪ್ರಯೋಗ. ಹತ್ತು ವಾರ ಭಾರ ಎತ್ತುವುದನ್ನೂ ಓಟ, ಸೈಕಲ್ ತುಳಿತವನ್ನೂ ಒಟ್ಟಿಗೆ ಮಾಡಿದವರ ಕಾಲಿನ ಬಲ ಏಳೆಂಟು ವಾರ ಏರಿ, ಕೊನೆಗೆ ಇಳಿಯತೊಡಗಿತು. ಆದರೆ ಅವರು ವಾರಕ್ಕೆ ಐದು ದಿನ ಭಾರ, ಆರು ದಿನ ಓಟ ಮತ್ತು ಸೈಕಲ್ ಎಂದು ದುಡಿದವರು! ಅಷ್ಟು ದಣಿದರೆ ಯಾರ ಕಾಲು ತಾನೇ ಮಾತು ಕೇಳುತ್ತದೆ? ಅವರ ದಮ್ಮು ಮಾತ್ರ ಕುಂದಲಿಲ್ಲ ಎಂಬುದನ್ನೂ ಗಮನಿಸಿ.

ಕಾಲಿಗೆ ಭಾರ ಹಾಕುವ ದಿನಕ್ಕೂ ದೂರದ ಓಟಕ್ಕೂ ನಡುವೆ ಒಂದು ದಿನ ಬಿಡಿ. ಎರಡೂ ಒಂದೇ ದಿನ ಬಂದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಆಗದಿದ್ದರೆ ಮೊದಲು ಭಾರ, ಆಮೇಲೆ ಓಟ.

ಹೆಚ್ಚಿನವರು ಸೋಲುವುದು ಊಟದ ತಟ್ಟೆಯ ಮುಂದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು; ಎಂದರೆ 60 ಕಿಲೋ ತೂಗುವವರಿಗೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರೇ ಗ್ರಾಂ. ಅನ್ನ, ತಿಳಿಸಾರಿನಿಂದ ಇದು ದಕ್ಕದು; ಕಾಳು, ಮೊಸರು, ಮೀನು ಬೇಕು. ಹಾಗೆಂದು ಅನ್ನವನ್ನು ಬಿಡಬೇಡಿ, ಓಟಕ್ಕೆ ಅದೇ ಇಂಧನ.