ಹುಳಿ ಮಣ್ಣಿನ ಅಲ್ಯೂಮಿನಿಯಂ ವಿಷವನ್ನು ಕೆಲವು ತಳಿಗಳು ಹೇಗೆ ತಡೆದುಕೊಳ್ಳುತ್ತವೆ?

ಒಂದೇ ಹುಳಿ ಮಣ್ಣಿನಲ್ಲಿ ಒಂದು ತಳಿಯ ಬೇರು ಮುದುಡುತ್ತದೆ, ಇನ್ನೊಂದರ ಬೇರು ಆರಾಮಾಗಿ ಇಳಿಯುತ್ತದೆ. ತಡೆಯುವ ತಳಿಯಲ್ಲಿ ಮಾತ್ರ ಇರುವ ಜೀನ್ ಯಾವುದು, ಅದು ಇದ್ದರೆ ಮಣ್ಣಿನ ಹುಳಿ ತಗ್ಗಿಸಲು ಸುಣ್ಣ ಹಾಕೋದು ಬೇಡವಾ ಅಂತ ಕೇಳಿದ್ದೀರಿ. ತಳಿ ಅಭಿವೃದ್ಧಿ ನನ್ನ ಓದಿನ ವಿಷಯ, ಅದರಲ್ಲೂ ಇದು ನನಗೆ ತುಂಬಾ ಇಷ್ಟ. ಎಷ್ಟೋ ಸಲ ಆ ಜೀನ್ ಎರಡೂ ತಳಿಗಳಲ್ಲಿ ಇರುತ್ತದೆ. ಅದು ಬೇರಿನ ಯಾವ ಜಾಗದಲ್ಲಿ, ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ವ್ಯತ್ಯಾಸ.

ಭೂಮಿಯ ಹೊರಪದರದಲ್ಲಿ ಸುಮಾರು ಶೇ 8ರಷ್ಟು ಅಲ್ಯೂಮಿನಿಯಂ ಇದೆ. ಮಣ್ಣಿನ ಖನಿಜದಲ್ಲಿ ಸೇರಿಕೊಂಡಿರುವಷ್ಟು ದಿನ ತೊಂದರೆ ಇಲ್ಲ. ರಸಸಾರ (pH) 5ಕ್ಕಿಂತ ಕೆಳಗಿಳಿದರೆ, ಅಂದರೆ ಮಣ್ಣು ತುಂಬಾ ಹುಳಿಯಾದರೆ, ಅದು ಜಾಸ್ತಿ ಕರಗಿ ನೀರಿಗೆ ಬರುತ್ತದೆ. ಮೊದಲ ಏಟು ಬೇರಿನ ತುದಿಗೆ. ತುದಿ ಬೆಳೆಯೋದು ನಿಂತರೆ ಬೇರು ಮೊಂಡಾಗುತ್ತದೆ, ಆಳದ ನೀರು ಗಿಡಕ್ಕೆ ಸಿಗುವುದಿಲ್ಲ.

ಗೋಧಿಯ ಜೀನನ್ನು 2004ರಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಪತ್ತೆಹಚ್ಚಿದರು. ಹೆಸರು ಎಎಲ್‌ಎಂಟಿ1. ಅದು ಮಾಡುವ ಪ್ರೋಟೀನ್ ಬೇರಿನ ಜೀವಕೋಶದ ಪೊರೆಯಲ್ಲಿ ಬಾಗಿಲಿನಂತೆ ಕೂರುತ್ತದೆ. ಅಲ್ಯೂಮಿನಿಯಂ ಬಂದರೆ ತೆರೆದು, ಸೇಬಿನಲ್ಲಿರುವ ಅದೇ ಮ್ಯಾಲಿಕ್ ಆಮ್ಲವನ್ನು ಹೊರಗೆ ಬಿಡುತ್ತದೆ. ಆ ಆಮ್ಲ ಅಲ್ಯೂಮಿನಿಯಂ ಜೊತೆ ಕೂಡಿಕೊಂಡರೆ ಬೇರಿಗೆ ಅದರ ವಿಷ ತಟ್ಟುವುದಿಲ್ಲ. ತಡೆಯುವ ಎಷ್ಟೋ ತಳಿಗಳಲ್ಲಿ ಜೀನಿಗೆ ಸ್ವಲ್ಪ ಮೊದಲು ಡಿಎನ್‌ಎಯ ಒಂದು ತುಂಡು ಮತ್ತೆ ಮತ್ತೆ ಬಂದಿರುತ್ತದೆ. ಅದರಿಂದಲೇ ಜೀನ್ ಜೋರಾಗಿ ಕೆಲಸ ಮಾಡುತ್ತದೆ.

ಬಾರ್ಲಿಯ ಕಥೆ ಇನ್ನೂ ಚೆಂದ. ಅಲ್ಲಿನ ಜೀನಿನ ಮೂಲ ಕೆಲಸವೇ ಬೇರೆ: ಬೇರಿನ ಒಳಗೆ ಸಿಟ್ರಿಕ್ ಆಮ್ಲ ಬಿಟ್ಟು, ಕಬ್ಬಿಣದ ಅಂಶ ಮೇಲಿನ ಎಲೆಗಳಿಗೆ ಹೋಗಲು ನೆರವಾಗುವುದು. ಯಾವಾಗಲೋ ಒಮ್ಮೆ ಸುಮಾರು 1,000 ಅಕ್ಷರದ ಡಿಎನ್‌ಎ ತುಂಡೊಂದು ಆ ಜೀನಿನ ಮುಂದೆ ಬಂದು ಸೇರಿಕೊಂಡಿತು. ಆಮೇಲೆ ಅದೇ ಜೀನ್ ಬೇರಿನ ತುದಿಯಲ್ಲೂ ಕೆಲಸ ಶುರುಮಾಡಿ, ಸಿಟ್ರಿಕ್ ಆಮ್ಲವನ್ನು ಹೊರಗಿನ ಮಣ್ಣಿಗೆ ಬಿಡತೊಡಗಿತು. 2012ರಲ್ಲಿ ಇದು ಗೊತ್ತಾಯಿತು. ಹೊಸ ಪ್ರೋಟೀನ್ ಏನೂ ಬೇಕಾಗಲಿಲ್ಲ, ಜಾಗ ಬದಲಾದದ್ದೇ ಸಾಕಾಯಿತು. ಎಷ್ಟು ಅದ್ಭುತ ಅಲ್ವಾ?

ಜೋಳದಲ್ಲೂ ಸಿಟ್ರಿಕ್ ಆಮ್ಲವೇ. ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದವರೂ ಸೇರಿ ಅದರ ಜೀನನ್ನು 2007ರಲ್ಲಿ ಗುರುತಿಸಿದರು. ಕೆಲವು ಮೆಕ್ಕೆಜೋಳ ತಳಿಗಳಲ್ಲಿ ಇಂಥ ಒಂದು ಜೀನಿನ ಮೂರು ಪ್ರತಿಗಳಿವೆ.

ಭತ್ತ ಮಾತ್ರ ಬೇರೆ ದಾರಿಯನ್ನೂ ಹಿಡಿದಿದೆ. ಎನ್‌ರಾಟ್1 ಅನ್ನುವ ಪ್ರೋಟೀನ್ ಅಲ್ಯೂಮಿನಿಯಂ ಅನ್ನು ಜೀವಕೋಶದ ಒಳಕ್ಕೇ ಎಳೆದುಕೊಳ್ಳುತ್ತದೆ. ಇನ್ನೊಂದು ಪ್ರೋಟೀನ್ ಅದನ್ನು ಜೀವಕೋಶದೊಳಗಿನ ರಸ ತುಂಬಿದ ಚೀಲಕ್ಕೆ (ರಸಚೀಲ) ಸಾಗಿಸಿ, ತೊಂದರೆ ಕೊಡದಂತೆ ಅಲ್ಲೇ ಕೂಡಿಡುತ್ತದೆ. ಇಂಥ ಹಲವು ಜೀನ್‌ಗಳನ್ನು ಎಆರ್‌ಟಿ1 ಅನ್ನುವ ಒಂದೇ ಜೀನ್ ನಡೆಸುತ್ತದೆ. ಧಾನ್ಯದ ಬೆಳೆಗಳಲ್ಲಿ ಭತ್ತ ಅಲ್ಯೂಮಿನಿಯಂ ಅನ್ನು ಅಷ್ಟು ಚೆನ್ನಾಗಿ ತಡೆಯಲು ಇದೂ ಒಂದು ಕಾರಣ.

ಇನ್ನು ಸುಣ್ಣ. ತಡೆಯುವ ತಳಿ ಇದ್ದರೂ ಸುಣ್ಣ ಬೇಕು. ಹುಳಿ ಮಣ್ಣಿನಲ್ಲಿ ರಂಜಕ, ಕ್ಯಾಲ್ಸಿಯಂ ಕೊರತೆಯೂ ಇರುತ್ತದೆ, ಅದನ್ನು ಈ ಜೀನ್‌ಗಳು ತುಂಬಿಕೊಡುವುದಿಲ್ಲ. ಆದರೆ ಮೇಲೆ ಹಾಕಿದ ಸುಣ್ಣ ಬೇಗ ಆಳಕ್ಕೆ ಇಳಿಯುವುದಿಲ್ಲ. ಅಲ್ಲಿ ಬೇರು ಇಳಿಯಬೇಕಾದರೆ ತಳಿಯ ಗುಣವೇ ನೆರವಿಗೆ ಬರಬೇಕು. ನಿಮ್ಮದು ಮಲೆನಾಡಿನ ಜಂಬಿಟ್ಟಿಗೆ ಮಣ್ಣಾದರೆ, ಮಣ್ಣು ಪರೀಕ್ಷೆಗೆ ಕೊಡುವಾಗ ಕೆಳಪದರದ ಮಣ್ಣನ್ನೂ ಬೇರೆಯಾಗಿ ಕೊಡಿ.