ಕೋಲಾರ ಎಪಿಎಂಸಿ ಮಾರುಕಟ್ಟೆಯಿಂದ ಮನೆಗೆ ಬಾಕ್ಸ್ ಟೊಮೆಟೊ ತಂದರೆ ನಿಜಕ್ಕೂ ದುಡ್ಡು ಉಳಿಯುತ್ತದಾ?

ಉಳಿಯುತ್ತದೆ, ಒಂದೇ ಮನೆಗೆ ಪೂರ್ತಿ ಬಾಕ್ಸ್ ಹೊತ್ತು ತರದಿದ್ದರೆ. ಇಲ್ಲಿ ಬಾಕ್ಸ್ ಅಂದರೆ ಸಾಮಾನ್ಯವಾಗಿ 15 ಕೆಜಿ. 300 ರೂಪಾಯಿಗೆ ಸಿಕ್ಕಿತು ಅಂದುಕೊಳ್ಳಿ, ಕೆಜಿಗೆ 20 ಬಿತ್ತು. ಅದರಲ್ಲಿ 3 ಕೆಜಿ ಕೊಳೆತು ಹೋದರೆ ತಿಂದದ್ದಕ್ಕೆ ಕೆಜಿಗೆ 25 ಕೊಟ್ಟಂತಾಯಿತು. ಪೆಟ್ರೋಲ್ ಸೇರಿಸಿದರೆ ಬೀದಿಗೆ ಬರುವ ತಳ್ಳುಗಾಡಿಯೇ ವಾಸಿ. ಮೂರು ಮನೆಯವರು ಸೇರಿ ಐದೈದು ಕೆಜಿ ಹಂಚಿಕೊಳ್ಳಿ.

ಮೇಲಿನ ಸಾಲು ಯಾವಾಗಲೂ ಮಿರಮಿರ ಮಿಂಚುತ್ತದೆ, ಅದನ್ನು ನೋಡಿ ರೇಟು ಒಪ್ಪಬೇಡಿ. ತಳದಿಂದ ನಾಲ್ಕು ಹಣ್ಣು ತೆಗೆಸಿ ನೋಡಿ. ಬಾಕ್ಸಿನ ಅಡಿ ಒದ್ದೆಯಾಗಿದ್ದರೆ ಒಳಗೆ ಹಣ್ಣು ಒಡೆದಿದೆ ಎಂದೇ ಅರ್ಥ. ಆ ರಸ ತಾಗಿದ ಹಣ್ಣೂ ಬೇಗ ಕೆಡುತ್ತದೆ. ಪೂರ್ತಿ ಕೆಂಪಗಿರುವುದಕ್ಕಿಂತ ಅರ್ಧ ದೋರೆಗಾಯಿ ಇರುವ ಬಾಕ್ಸ್ ಮನೆಗೆ ಒಳ್ಳೆಯದು. ಸಣ್ಣ ಗಾತ್ರದ್ದಕ್ಕೆ ರೇಟು ಕಡಿಮೆ. ಸಾರಿಗೆ, ಗೊಜ್ಜಿಗೆ ಗಾತ್ರ ಯಾರಿಗೆ ಬೇಕು?

ಮಳೆ ಬಂದ ಮರುದಿನ ಬಿರುಕು ಬಿಟ್ಟ ಹಣ್ಣು ತೀರಾ ಅಗ್ಗಕ್ಕೆ ಸಿಗಬಹುದು. ಅವತ್ತೇ ತೊಕ್ಕು ಮಾಡುವುದಾದರೆ ಮಾತ್ರ ಕೊಳ್ಳಿ.

ಮನೆಗೆ ಬಂದ ಕೂಡಲೇ ಬಾಕ್ಸ್ ಸುರಿದು, ಒಡೆದದ್ದನ್ನು ಬೇರೆ ಮಾಡಿ. ಉಳಿದದ್ದನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಒರೆಸಿ, ತೊಟ್ಟಿನ ಭಾಗ ಕೆಳಗೆ ಬರುವಂತೆ ಪೇಪರಿನ ಮೇಲೆ ಒಂದೇ ಪದರ ಹರಡಿ. ಕಾಯಿಯನ್ನು ಫ್ರಿಜ್ಜಿಗೆ ಹಾಕಿದರೆ ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಹೋಗುತ್ತದೆ. ಚೆನ್ನಾಗಿ ಹಣ್ಣಾದದ್ದನ್ನಷ್ಟೇ ಒಳಗಿಡಿ.